ಆಯಿಗೆ ಬೈದ ಪ್ರಬಂಧ

ನಮ್ಮ ಹುಡುಗ ಹುಡುಗಿಯರು ಬರೆದು ಕೊಡುವ ಪ್ರಬಂಧಗಳಿಗೆ ಮೊನ್ನೆ ಮೊನ್ನೆಯವರೆಗೂ ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ವಾಸನೆ ಇರುತ್ತಿತ್ತು. ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ರೊಟ್ಟಿಯ ಗಂಟನ್ನೂ ಬರೆದ ಹಾಳೆಗಳನ್ನೂ ಒಂದೇ ಚೀಲಕ್ಕೆ ತುರುಕಿಕೊಂಡು ಹಳ್ಳಿಗಳಿಂದ ಓಡಿ ಬರುವವರ ಬರಹ ಅದು. ಹಿಂಡಿಯ ಮೇಲೆ ಸುರಿದ ಎಣ್ಣೆ ಬಟ್ಟೆಯನ್ನು ದಾಟಿ, ಪೀಠಿಕೆಯನ್ನು ನೆನೆಸಿ, ಕೆಲವೊಮ್ಮೆ ಉಪಸಂಹಾರದವರೆಗೂ ಇಳಿದಿರುತ್ತಿತ್ತು. ಬಸವಕಲ್ಯಾಣದಿಂದ ಹುಮನಾಬಾದಿನ ಒಂದು ಪದವಿ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಓಡಾಡುವ ಕನ್ನಡದ ಅಧ್ಯಾಪಕಿ ನಾನು. ಕಿಟಕಿಯ ಪಕ್ಕದ ಸೀಟು ಸಿಕ್ಕ ದಿನ ದಾರಿಯ ನಡುವಿನ ಊರು ರಾಜೇಶ್ವರ ಬರುವುದರೊಳಗೆ ನಾಲ್ಕಾರು ಪ್ರಬಂಧ ಓದಿ ಮುಗಿಸುವುದು ನನ್ನ ರೂಢಿ, ಕಾಲೇಜು ತಲುಪಿದ ಮೇಲೆ ಆ ಎಣ್ಣೆಯ ಕಲೆಗಳ ಬಗ್ಗೆ ಗೊಣಗುವುದೂ ನನ್ನ ರೂಢಿ. "ನಿನ್ನ ಪ್ರಬಂಧ ಭಾಳ ರುಚಿ ಆಗ್ಯಾದವ್ವ, ಖಾರ ಒಂದೀಟು ಕಡಿಮಿ ಬಿದ್ದದ" ಎಂದರೆ ಇಡೀ ತರಗತಿ ನಗುತ್ತಿತ್ತು, ಬರೆದವಳೂ ನಗುತ್ತಿದ್ದಳು.

ಈ ವರ್ಷದಿಂದ ಆ ವಾಸನೆ ನಿಂತುಹೋಗಿದೆ, ಏಕೆಂದರೆ ಹಾಳೆಗಳೇ ಇಲ್ಲ. ಕೃತಕ ಬುದ್ಧಿಮತ್ತೆ ನಮ್ಮ ಕಾಲೇಜಿಗೂ ಬಂದಿದೆ. ವಿದ್ಯಾರ್ಥಿಗಳು ಪ್ರಬಂಧವನ್ನು ಮೊಬೈಲಿನಲ್ಲಿ ಟೈಪು ಮಾಡಿ ಏರಿಸಬೇಕು. ಯಂತ್ರ ಅದನ್ನು ಕಣ್ಣು ಮಿಟುಕಿಸುವುದರೊಳಗೆ ಓದಿ, ತಪ್ಪುಗಳನ್ನು ಎತ್ತಿ ತೋರಿಸಿ, ಹೀಗಲ್ಲ ಹಾಗೆ ಬರೆಯಿರಿ ಎಂದು ತಾನೇ ಒಂದು ಹೊಸ ರೂಪ ಕೊಟ್ಟು, ಅಂಕವನ್ನೂ ಹಾಕುತ್ತದೆ. ವಿದ್ಯಾರ್ಥಿ ಆ ಹೊಸ ರೂಪವನ್ನು ಒಪ್ಪಿಕೊಂಡರೆ ಅಂಕ ಮೇಲೇರುತ್ತದೆ. ಕಟ್ಟಕಡೆಗೆ ಅಧ್ಯಾಪಕರಾದ ನಾವು 'ಅನುಮೋದಿಸು' ಎಂಬ ಗುಂಡಿಯನ್ನು ಒತ್ತಬೇಕು. ಇದನ್ನು ಕಲಿಸಿಕೊಡಲು ದೂರದ ನಗರದಿಂದ ಬಂದಿದ್ದ ಇಸ್ತ್ರಿ ಅಂಗಿಯ ತರುಣ ನಮ್ಮೆಲ್ಲರನ್ನೂ ಕನಿಕರದಿಂದ ನೋಡಿ, "ಇನ್ನು ಮೇಲೆ ನಿಮ್ಮ ಹೊರೆ ಇಳಿಯಿತು ಮೇಡಂ" ಎಂದ. ಹೊರೆ ಎಂದರೆ ಯಾವುದು, ನೀವೇ ಹೇಳಿ ಮಿತ್ರರೇ. ಕಾಗದ ಪತ್ರಗಳ ಹೊರೆಯಿದೆ, ಸಭೆಗಳ ಹೊರೆಯಿದೆ, ಅದೇ ಮಾಹಿತಿಯನ್ನು ಬೇರೆ ಬೇರೆ ಮೇಜುಗಳಿಗೆ ಮತ್ತೆ ಮತ್ತೆ ಕಳಿಸುವ ಹೊರೆಯಿದೆ. ಅವೆಲ್ಲ ನಮ್ಮ ಹೆಗಲ ಮೇಲೆ ಹಾಗೆಯೇ ಉಳಿದವು. ಇಡೀ ದಿನದಲ್ಲಿ ನನಗೆ ಹೊರೆಯೆನಿಸದಿದ್ದ ಒಂದೇ ಒಂದು ಕೆಲಸ, ಮಕ್ಕಳು ಬರೆದದ್ದನ್ನು ಓದುವುದು, ಅದನ್ನು ಮಾತ್ರ ಇಳಿಸಿಕೊಂಡು ಹೋದರು.

ನಾನು ಯಂತ್ರವನ್ನು ಕಂಡರೆ ಉರಿದು ಬೀಳುವವಳೆಂದು ದಯವಿಟ್ಟು ತಿಳಿಯಬೇಡಿ. ಹುಲಸೂರಿನ ಕಡೆಯಿಂದ ಬರುವ ಒಬ್ಬ ಹುಡುಗಿಯ ಮನೆಮಾತು ಮರಾಠಿ. ಹಳಗನ್ನಡದ ಪದ್ಯವೊಂದರ ಅರ್ಥವನ್ನು ಅವಳು ಯಂತ್ರವನ್ನು ಕೇಳಿ ಕೇಳಿ ತನ್ನ ಮಾತಿನಲ್ಲಿ ಬಿಡಿಸಿಕೊಂಡು ಬಂದು, ಮರುದಿನ ತರಗತಿಯಲ್ಲಿ ಎದ್ದು ನಿಂತು ಹೇಳಿದಾಗ ನನಗೆ ಮನಸಾರೆ ಖುಷಿಯಾಗಿತ್ತು. ಮನೆಯಲ್ಲಿ ಕೇಳಲು ಯಾರೂ ಇಲ್ಲದವಳಿಗೆ ಅದು ನೆರವಾದರೆ ನನಗೇಕೆ ಹೊಟ್ಟೆಕಿಚ್ಚು? ಒಮ್ಮೆ ಅದು ಇಲ್ಲದ ಅರ್ಥವನ್ನೂ ಹೇಳಿ ಕಳಿಸಿತ್ತು, ಅಂಥ ತಪ್ಪು ನಾನೂ ಮಾಡುತ್ತೇನೆ. ನನ್ನ ಜಗಳ ಬೇರೆ. ಗೊತ್ತಿಲ್ಲದ್ದನ್ನು ಕೇಳಿದಾಗ ಹೇಳಿಕೊಡುವುದು ಒಂದು, ಗೊತ್ತಿರುವುದನ್ನು ಹೇಳಹೊರಟವರ ಬಾಯಿ ಮುಚ್ಚಿಸುವುದು ಇನ್ನೊಂದು. ನಮ್ಮಲ್ಲಿಗೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದಿವೆ. ಬಾಯಿ ಮುಚ್ಚಿಸಿದ್ದನ್ನು ನಾನು ಕಣ್ಣಾರೆ ಕಂಡದ್ದು ಮಾಳಮ್ಮನ ವಿಷಯದಲ್ಲಿ.

ಮಾಳಮ್ಮ ಬೇಮಳಖೇಡದವಳು. ಕುರಿ ಸಾಕುವ, ಮಳೆಗಾಲಕ್ಕೆ ಒಂದಿಷ್ಟು ತೊಗರಿ ಬಿತ್ತುವ ಮನೆತನ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಗೋಡೆಗೆ ಆತು ಕೂರುತ್ತಾಳೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾಳೆ. 'ನಮ್ಮ ಮನೆಯ ಒಬ್ಬ ಹಿರಿಯರು' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿರಿ ಎಂದಾಗ, ಉಳಿದವರೆಲ್ಲ ಮೊಬೈಲು ತೆಗೆದರೆ ಈಕೆ ಹಾಳೆ ತೆಗೆದಳು. ಎರಡು ದಿನ ಬಿಟ್ಟು ಅದನ್ನು ನನ್ನ ಕೈಗಿಟ್ಟು, "ಮಷೀನಿಗಿ ಹಾಕೋಕಿಂತ ಮದಲ ನೀವ್ ನೋಡ್ರಿ ಮೇಡಂ" ಎಂದಳು. ಅವಳು ಬರೆದದ್ದು ತನ್ನ ಆಯಿಯ ಬಗ್ಗೆ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುವುದುಂಟು. ಈ ಆಯಿ, ಅಪ್ಪನ ತಾಯಿ, ಹಿಂದಿನ ವರ್ಷ ತೀರಿಕೊಂಡಿದ್ದಳು.

ಆ ಬರಹ ಅರ್ಥವಾಗಬೇಕಾದರೆ ಅವರ ಬಳಗದಲ್ಲಿ ಹೇಗೆ ಅಳುತ್ತಾರೆ ಎನ್ನುವುದು ಗೊತ್ತಿರಬೇಕು. ಸಾವಾದ ಮನೆಯಲ್ಲಿ ಹೆಂಗಸರು ಹೆಣದ ಸುತ್ತ ಕೂತು ಹಾಡ್ಯಾಡಿ ಅಳುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾಳಿ. ತಮ್ಮ ಪಾಳಿ ಬಂದಾಗ ಸತ್ತವರಿಗೆ ನೇರವಾಗಿ ಬೈಯುತ್ತಾರೆ. ಹೊಗಳುವವರು ಯಾರೂ ಇಲ್ಲ. ನನ್ನ ಬಾಣಂತನ ಮಾಡುತ್ತೇನೆಂದು ಮಾತು ಕೊಟ್ಟು ಹೋದೆಯಲ್ಲ ಸುಳ್ಳಿ, ಮರಿಗೆ ಹಾಲು ಕುಡಿಸುವವರು ಯಾರೆಂದು ಒಂದು ಮಾತು ಹೇಳದೆ ಹೊರಟೆಯಲ್ಲ ಗರ್ವಿಷ್ಠೆ ಎಂದು ಒಂದೊಂದನ್ನೇ ಎತ್ತಿ ಬೈದು, ಪ್ರತಿ ಬೈಗುಳದ ಕೊನೆಗೂ ಅದೇ ಒಂದು ಕೂಗಿಗೆ ಮರಳುತ್ತಾರೆ, ಆ ಕೂಗಿಗೆ ಉಳಿದವರು ದನಿ ಕೂಡಿಸುತ್ತಾರೆ. ಬೈಯಿಸಿಕೊಳ್ಳದೆ ಮಣ್ಣಿಗೆ ಹೋದವರೆಂದರೆ ಯಾರಿಗೂ ಬೇಡವಾಗಿದ್ದವರೆಂದೇ ಅವರ ಲೆಕ್ಕ. ಮಣ್ಣಿನ ಹೊತ್ತಿಗೆ ಇರಲಾಗದವರಿಗೂ ಒಂದು ದಾರಿ ಇದೆ: ವರ್ಷದ ದಿನ ಬಳಗ ಕೂಡಿದಾಗ ಅವರು ತಮ್ಮ ಪಾಳಿಯನ್ನು ಮುಗಿಸಬೇಕು. ಮಾಳಮ್ಮ ಇರಲಿಲ್ಲ. ಅವತ್ತು ಅವಳಿಗೆ ಪರೀಕ್ಷೆ. ಬೆಳಿಗ್ಗೆ ಎಂದಿನಂತೆ ಮೊಮ್ಮಗಳನ್ನು ಬಸ್ಸು ಹತ್ತಿಸಿ ಹೋದ ಆಯಿ ಮಧ್ಯಾಹ್ನದೊಳಗೆ ಇಲ್ಲವಾದಳು. ಹುಡುಗಿಯ ವರ್ಷ ಹಾಳಾಗಬಾರದೆಂದು ಹಿರಿಯರು ಅವಳನ್ನು ಕರೆಸಲಿಲ್ಲ, ಪೇಪರು ಬರೆದು ಊರಿಗೆ ಬಂದಿಳಿದಾಗ ಎಲ್ಲ ಮುಗಿದಿತ್ತು.

ಹಾಗಾಗಿ ಅವಳು ನನಗೆ ಕೊಟ್ಟದ್ದು ತನ್ನ ಉಳಿದುಹೋದ ಪಾಳಿಯನ್ನು. ಬಸ್ಸಿನಲ್ಲಿ ಅದನ್ನು ಓದಲು ತೊಡಗಿದವಳು ರಾಜೇಶ್ವರ ದಾಟಿದ್ದೂ ತಿಳಿಯದೆ ಕೂತಿದ್ದೆ. ಬೆಲ್ಲ ಬಚ್ಚಿಟ್ಟು ಮರೆಯುತ್ತಿದ್ದುದಕ್ಕೆ ಆಯಿಗೆ ಬೈಗುಳ, ತನಗಿಂತ ಮೊದಲು ಕುರಿಮರಿಗೆ ಹೊಟ್ಟೆ ತುಂಬಿಸುತ್ತಿದ್ದುದಕ್ಕೆ ಬೈಗುಳ, ಕಿವಿ ಹಿಂಡಿ ಎಬ್ಬಿಸುತ್ತಿದ್ದುದಕ್ಕೆ ಬೈಗುಳ, ಪ್ರತಿ ಬೈಗುಳದ ತುದಿಗೆ 'ನನಗ ಹೇಳಲಾರ್ದ ಹ್ಯಾಂಗ ಹೋದಿ ಆಯಿ' ಎಂಬ ಅದೇ ಕೂಗು. ಆಯಿ ದಿನವೂ ಬಸ್ ನಿಲ್ದಾಣಕ್ಕೆ ಬಂದು, ಮೊಮ್ಮಗಳು ಬರುವುದು ತಡವಾದರೆ ಬಸ್ಸಿನ ಮುಂದೆಯೇ ನಿಂತು ಡ್ರೈವರನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಳಂತೆ. ಅದರ ಬಗ್ಗೆ ಹುಡುಗಿ ಬರೆದಿದ್ದಳು: 'ನನ್ನ ಸಲುವಾಗಿ ದಿನಾ ಬಸ್ ನಿಲ್ಲಸ್ತಿದ್ದಾಕಿ, ನಿನಗ ಹೊತ್ಕೊಂಡು ಹೋಗೋರಿಗಿ ನನ್ನ ಮೊಮ್ಮಗಳು ಬರ್ತಾಳ ಒಂದೀಟು ನಿಲ್ರಿ ಅನ್ನಾಕ ನಿನಗ ಬಾಯಿ ಬರಲಿಲ್ಲೇನು?' ಎಷ್ಟೋ ವರ್ಷಗಳಿಂದ ಪ್ರಬಂಧ ಓದುತ್ತಿರುವ ನಾನು ಆ ಸಾಲಿಗೆ ಬಂದು ಮುಂದೆ ಹೋಗಲಾರದೆ ಕಿಟಕಿಯ ಹೊರಗೆ ಮುಖ ಮಾಡಿದೆ. ಹಾಳೆಯನ್ನು ಹಿಂದಿರುಗಿಸುವಾಗ ಅವಳಿಗೆ ಹೇಳಿದ್ದು ಇಷ್ಟೇ, "ಇದರಾಗ ಒಂದಕ್ಷರಾನೂ ಬದಲ್ ಮಾಡಬ್ಯಾಡ."

ಅವಳು ಹಾಗೆಯೇ ಟೈಪು ಮಾಡಿ ಏರಿಸಿದಳು. ಯಂತ್ರ ಅದಕ್ಕೆ ತೇರ್ಗಡೆಯ ಅಂಕವನ್ನೂ ಕೊಡಲಿಲ್ಲ. ಪುನರುಕ್ತಿ ಅತಿಯಾಗಿದೆ ಎಂದಿತು. ಹಿರಿಯರ ಬಗ್ಗೆ ಆಕ್ರಮಣಕಾರಿ ಧಾಟಿ ಸಲ್ಲದು ಎಂದಿತು. ಬಸ್ಸಿನ ಆ ಸಾಲಿಗೆ ಕೆಂಪು ಬಣ್ಣ ಬಳಿದು, 'ಮೃತ ವ್ಯಕ್ತಿಗೆ ನೇರ ಪ್ರಶ್ನೆ ಕೇಳುವುದು ತಾರ್ಕಿಕವಲ್ಲ, ಅವರು ಉತ್ತರಿಸಲಾರರು' ಎಂದು ಬುದ್ಧಿ ಹೇಳಿತು. ಅಯ್ಯಾ ಮಹಾನುಭಾವ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೇ ಅಲ್ಲವೇ ಮನುಷ್ಯರು ಅಳುವುದು! ಅಷ್ಟಕ್ಕೆ ಬಿಡದೆ ತನ್ನದೊಂದು ಆವೃತ್ತಿಯನ್ನೂ ಮುಂದೆ ಮಾಡಿತು. 'ನನ್ನ ಪೂಜ್ಯ ಅಜ್ಜಿಯವರು ಪ್ರೀತಿ, ತ್ಯಾಗ ಮತ್ತು ಪರಿಶ್ರಮದ ಸಾಕಾರಮೂರ್ತಿಯಾಗಿದ್ದರು. ಅವರು ನನ್ನ ಶಿಕ್ಷಣಕ್ಕೆ ಸದಾ ಪ್ರೋತ್ಸಾಹ ನೀಡುತ್ತಿದ್ದರು.' ಬಸ್ಸಿನ ಮುಂದೆ ಕೈ ಚಾಚಿ ನಿಂತ ಮುದುಕಿ ಇಲ್ಲ, ಬೆಲ್ಲ ಇಲ್ಲ, ಮರಿ ಇಲ್ಲ. ಹುಡುಗಿ ಎರಡು ದಿನ ಯೋಚಿಸಿ ಅದನ್ನು ಒಪ್ಪಿಕೊಂಡಳು, ಅಂಕ ಜರ್ರನೆ ಮೇಲೇರಿತು. ಪರದೆಯ ಮೇಲೆ ನನಗಾಗಿ 'ಅನುಮೋದಿಸು' ಗುಂಡಿ ಹಸಿರಾಗಿ ಕಾಯುತ್ತಿತ್ತು, ನನ್ನ ಪಿತ್ತ ನೆತ್ತಿಗೇರಿತು.

ನೆಟ್ಟಗೆ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ಒಳ್ಳೆಯ ಮನುಷ್ಯರು, ಯಾರ ಮೇಲೂ ದನಿ ಏರಿಸಿದವರಲ್ಲ, ನಿವೃತ್ತಿಯ ಹೊಸ್ತಿಲಲ್ಲಿ ಯಾವ ರಗಳೆಯೂ ಬೇಡವೆಂದು ಇರುವವರು.

"ಸರ್, ಇದಕ್ಕ ನಾ ಗುಂಡಿ ಒತ್ತಂಗಿಲ್ಲ" ಎಂದೆ.

ಅವರು ಕನ್ನಡಕ ಏರಿಸಿ ನೋಡಿ, "ಯಾಕ್ರಿ ಮೇಡಂ, ಎರಡನೇ ಸರ್ತಿ ಛಲೋ ಅಂಕ ಬಂದಾವಲ್ರಿ. ಹುಡುಗಿಗಿ ಫಾಯ್ದಾನೇ ಆಗ್ಯಾದ. ಖಾಲಿಪೀಲಿ ಯಾಕ ಪರೇಶಾನ್ ಆಗ್ತೀರಿ?" ಎಂದರು.

"ಎರಡನೇದು ಆಕಿ ಬರದಿದ್ದಲ್ರಿ ಸರ್."

"ಆಕಿ ಒಪ್ಕೊಂಡಾಳಲ್ರಿ. ಒಪ್ಕೊಂಡ ಮ್ಯಾಲ ಆಕಿದೇ ಆಯ್ತು."

ಎಷ್ಟು ಸಲೀಸಾದ ನ್ಯಾಯ ನೋಡಿ! ಒಪ್ಪಿಕೊಂಡರೆ ಅವಳದೇ ಆಯಿತಂತೆ. ಪರದೆಗೆ ಮರಳಿ ಬಂದು, ಮೊದಲ ಬರಹಕ್ಕೆ ನನ್ನ ಕೈಯಾರೆ ಪೂರ್ಣ ಅಂಕ ಹಾಕಲು ನೋಡಿದೆ. ಬದಲಾವಣೆಗೆ ಕಾರಣ ಕೊಡಿ ಎಂದಿತು. ಕಾರಣಗಳನ್ನೂ ತಾನೇ ಸಿದ್ಧ ಮಾಡಿ ಇಟ್ಟಿತ್ತು, ತಾಂತ್ರಿಕ ದೋಷ, ಟೈಪಿಂಗ್ ದೋಷ, ತಡವಾದ ಸಲ್ಲಿಕೆ. ಹುಡುಗಿ ಚೆನ್ನಾಗಿ ಬರೆದಿದ್ದಾಳೆ ಎಂಬ ಕಾರಣ ಎಲ್ಲಿಯೂ ಇರಲಿಲ್ಲ. ನಾನು ಯಾವುದನ್ನೂ ಆರಿಸಲಿಲ್ಲ, ಹಸಿರು ಗುಂಡಿಯನ್ನೂ ಮುಟ್ಟಲಿಲ್ಲ. ಗಡುವು ಮುಗಿದ ಮೇಲೆ ಅದು ನನ್ನ ಹೆಸರಿನಲ್ಲಿ ತಾನೇ ಅನುಮೋದನೆ ಕೊಟ್ಟುಕೊಂಡಿತು.

ಈ ಪೂಜ್ಯ ಅಜ್ಜಿಯವರು ಯಂತ್ರಕ್ಕೆ ಎಲ್ಲಿ ಸಿಕ್ಕರು ಎಂದು ಆಮೇಲೆ ಎಷ್ಟೋ ದಿನ ಯೋಚಿಸಿದೆ. ನಮ್ಮಿಂದಲೇ ಸಿಕ್ಕಿರಬೇಕು. ಬೀಳ್ಕೊಡುಗೆಯ ಸಭೆಗಳಲ್ಲಿ ಹಾರ ತುರಾಯಿ ಹಾಕಿಸಿಕೊಂಡು ನಾವು ಆಡುವ ಕನ್ನಡ ಅದು, ಪತ್ರಿಕೆಯ ಶ್ರದ್ಧಾಂಜಲಿಯ ಚೌಕಟ್ಟುಗಳಲ್ಲಿ, ಗೈಡುಗಳ ಮಾದರಿ ಪ್ರಬಂಧಗಳಲ್ಲಿ ನಾವು ಅಚ್ಚು ಹಾಕಿಸುವ ಕನ್ನಡ ಅದು. ಓದಿ ಬರೆದವರು ಬರೆದಿಟ್ಟದ್ದು ಯಂತ್ರಕ್ಕೆ ಸಿಕ್ಕಿತು, ಅದನ್ನೇ ಅದು ಕನ್ನಡವೆಂದುಕೊಂಡಿತು. ಬೇಮಳಖೇಡದ ಹೆಂಗಸರು ತಮ್ಮ ಅಳುವನ್ನು ಯಾವ ಜಾಲತಾಣಕ್ಕೂ ಏರಿಸಿಲ್ಲ. ಏರಿಸದಿದ್ದ ಮಾತ್ರಕ್ಕೆ ಅದು ಇಲ್ಲವೇ ಇಲ್ಲ ಎಂದಾಯಿತೇ? ಉರ್ದು, ಮರಾಠಿ, ತೆಲುಗು ಎಲ್ಲವನ್ನೂ ಉಂಡು ಅರಗಿಸಿಕೊಂಡು ಇಷ್ಟು ಶತಮಾನ ಬಾಳಿದ ನಮ್ಮ ಸೀಮೆಯ ಮಾತಿಗೆ ಹಿಂದೆಯೂ ಅಧಿಕಾರಸ್ಥರಿದ್ದರು. ಅವರು ಕಚೇರಿಯಲ್ಲಿ ತಮ್ಮ ಭಾಷೆ ಆಡಿಸಿದರು, ದಫ್ತರಗಳಲ್ಲಿ ತಮ್ಮ ಲಿಪಿ ಬರೆಸಿದರು, ಆದರೆ ಹೆಣದ ಮುಂದೆ ಕೂತ ಮೊಮ್ಮಗಳ ಹತ್ತಿರ ಬಂದು ಹೀಗೆ ಅಳಬೇಡ, ಹೀಗೆ ಅಳು ಎಂದು ಹೇಳಿಕೊಡಲಿಲ್ಲ. ಅಷ್ಟು ಒಳಗೆ ಮೂಗು ತೂರಿಸಲು ನಾವು ಒಂದು ಯಂತ್ರಕ್ಕೆ ಅನುಮತಿ ಕೊಟ್ಟೆವಲ್ಲ, ಅದೂ ಕನ್ನಡ ವಿಭಾಗದ ಹೆಸರಿನಲ್ಲಿ ಕೊಟ್ಟೆವಲ್ಲ ಎಂದು ನೆನೆದಾಗಲೆಲ್ಲ ಮೈ ಉರಿಯುತ್ತದೆ.

ಇಷ್ಟಾದರೂ ನನ್ನ ಸಿಟ್ಟು ಇನ್ನೂ ಅಂಕಗಳ ಸುತ್ತಲೇ ಸುತ್ತುತ್ತಿತ್ತು. ನಿಜವಾಗಿ ಏನಾಗಿದೆ ಎಂದು ತಿಳಿದದ್ದು ಮಾಳಮ್ಮ ಅಧ್ಯಾಪಕರ ಕೋಣೆಯ ಬಾಗಿಲಿಗೆ ಬಂದು ನಿಂತ ದಿನ. ಅಂಕ ಸಿಕ್ಕ ಖುಷಿ ಅವಳ ಮುಖದಲ್ಲಿ ಇರಲಿಲ್ಲ.

"ವರ್ಷದ ದಿನ ಬಂದದ್ರಿ ಮೇಡಂ. ಮಂಗಳವಾರ ಊರಿಗಿ ಬರ್ರಿ" ಎಂದಳು.

"ನಿನ್ನ ಪಾಳಿ ಅವತ್ತೇ ಅಲ್ಲೇನವ್ವ? ನೀ ಹಾಳ್ಯಾಗ ಬರದಿದ್ದು ಹಾಂಗೇ ಹೇಳು, ನಾ ಬರ್ತೀನಿ" ಎಂದೆ.

ಅವಳು ತಲೆ ತಗ್ಗಿಸಿದಳು. "ಅದು ಹೇಳಂಗಿಲ್ರಿ. ತಿದ್ದಿದ್ದೇ ಓದ್ತೀನ್ರಿ. ಮಷೀನ್ ಹೇಳಿದ್ದು ಖರೇ ಅನ್ಸ್ತದ್ರಿ ಮೇಡಂ, ಸತ್ತಾಕಿಗಿ ಯಾರರೆ ಬೈತಾರೇನ್ರಿ? ನಮ್ ಮಂದಿ ಹ್ಯಾಂಗ ಅಳ್ತಾರಂತ ನೆನಸ್ಕೊಂಡ್ರ ನನಗ ನಾಚಿಕಿ ಬರಾಕತ್ತದ್ರಿ."

ಕೇಳಿದಿರಾ? ಹುಟ್ಟಿದಾಗಿನಿಂದ ಯಾವ ಅಳುವಿನ ನಡುವೆ ಬೆಳೆದಳೋ, ಯಾವ ಅಳುವಿನಲ್ಲಿ ತನಗೂ ಒಂದು ಪಾಳಿಯಿದೆಯೆಂದು ವರ್ಷವಿಡೀ ಎದೆಯಲ್ಲಿ ಇಟ್ಟುಕೊಂಡು ಕಾದಳೋ, ಆ ಅಳುವಿಗೆ ಅವಳು ಈಗ ನಾಚುತ್ತಿದ್ದಳು. ಅವಳಿಗೆ ಯಾರೂ ಹೀಯಾಳಿಸಿ ಹೇಳಿರಲಿಲ್ಲ, ಕೂಗಾಡಿರಲಿಲ್ಲ. ಬಲು ವಿನಯದಿಂದ, ದಯವಿಟ್ಟು ಎನ್ನುತ್ತ, ಸಲಹೆಯೆಂಬ ಹೆಸರಿನಲ್ಲಿ ಹೇಳಿದ್ದರಿಂದಲೇ ಅದು ಅಷ್ಟು ಆಳಕ್ಕೆ ಇಳಿದಿತ್ತು. ಬೈದಿದ್ದರೆ ನಮ್ಮ ಹುಡುಗಿ ತಿರುಗಿ ಬೈಯುತ್ತಿದ್ದಳು. ನಾನು ಅಂದು ಏನೇನೋ ವಾದ ಮಾಡಿದೆ, ಕನ್ನಡದ ಮಾನ, ನುಡಿಯ ಸತ್ವ ಎಂದೆಲ್ಲ ದೊಡ್ಡ ಮಾತುಗಳನ್ನು ಆಡಿದೆ. ಅವಳು ಹೂಂ ಹೂಂ ಎಂದು ಕೇಳಿ ಹೋದಳು, ಮನಸ್ಸು ಬದಲಾದಂತೆ ಕಾಣಲಿಲ್ಲ. ಯಂತ್ರವೂ ಉಪದೇಶ ಮಾಡಿತ್ತು, ಮೇಡಮ್ಮೂ ಉಪದೇಶ ಮಾಡಿದಳು, ಅವಳ ಪಾಲಿಗೆ ಇಬ್ಬರೂ ಒಂದೇ.

ಮಂಗಳವಾರ ರಜೆ ಹಾಕಿ ಬೇಮಳಖೇಡಕ್ಕೆ ಹೋದೆ. ಅಂಗಳದಲ್ಲಿ ಕಂಬಳಿ ಹಾಸಿ, ನಡುವೆ ದೀಪ ಹಚ್ಚಿ, ಆಯಿಯ ಇಳಕಲ್ ಸೀರೆಯೊಂದನ್ನು ಮಡಿಸಿ ಇಟ್ಟಿದ್ದರು. ಊರೂರಿನಿಂದ ಬಂದ ಹೆಂಗಸರು ಸುತ್ತ ಕೂತಿದ್ದರು. ನನಗೊಂದು ಕುರ್ಚಿ ತಂದರು, ಬೇಡವೆಂದು ಕೆಳಗೇ ಕೂತೆ. ದೂರದ ಊರಿನಿಂದ ಬಂದ ಒಬ್ಬ ಸೊಸೆ ತನ್ನ ಪಾಳಿ ಮುಗಿಸಿದಳು. ಸೀರೆ ಕೊಡಿಸುತ್ತೇನೆಂದು ವರ್ಷಗಟ್ಟಲೆ ಆಸೆ ಹಚ್ಚಿ ಕೊಡಿಸದೆ ಹೋದೆಯಲ್ಲ ಜಿಪುಣಿ ಎಂದು ಅವಳು ಬೈಯುವಾಗ ನಗುವೂ ಬಂತು, ಸೆರಗಿನಿಂದ ಕಣ್ಣೂ ಒರೆಸಿಕೊಂಡೆ. ಆಮೇಲೆ ಎಲ್ಲರ ಮುಖ ಮಾಳಮ್ಮನ ಕಡೆ ತಿರುಗಿತು. ಅವಳು ಎದ್ದು ನಿಂತು ಮೊಬೈಲು ತೆಗೆದಳು.

"ನನ್ನ ಪೂಜ್ಯ ಅಜ್ಜಿಯವರು ಪ್ರೀತಿ, ತ್ಯಾಗ ಮತ್ತು ಪರಿಶ್ರಮದ..." ಎಂದು ಓದತೊಡಗಿದಳು. ಹೆಂಗಸರು ಅಳು ನಿಲ್ಲಿಸಿ, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಸಾಹೇಬರ ಭಾಷಣ ಕೇಳುವವರ ಹಾಗೆ ನೆಟ್ಟಗೆ ಕೂತರು. ಅವಳ ತಾಯಿಗೆ ಮಗಳು ಚೆಂದ ಓದುತ್ತಾಳೆಂಬ ಹೆಮ್ಮೆಯೂ ಇತ್ತು, ಏನೋ ತಪ್ಪಿದೆ ಎಂಬ ಗಾಬರಿಯೂ ಇತ್ತು. ಓದು ಮುಗಿಯಿತು. ಯಾರೂ ದನಿ ಕೂಡಿಸಲಿಲ್ಲ, ಕೂಡಿಸಲು ಅದರಲ್ಲಿ ಕೂಗೇ ಇರಲಿಲ್ಲ.

ಆಯಿಯ ಮಗಳು, ಮಾಳಮ್ಮನ ಸೋದರತ್ತೆ, ಸೀರೆಯ ಪಕ್ಕದಲ್ಲಿ ಕೂತಿದ್ದಳು. ಅವಳು ಸಿಟ್ಟಾಗಲಿಲ್ಲ, ನೊಂದುಕೊಂಡಳು. "ಮಾಳಿ, ನಮ್ಮವ್ವಗ ಒಂದ್ ಮಾತರೆ ಬೈಲಿಲ್ಲಲ್ಲವ್ವ ನೀ" ಎಂದಳು. "ನಿನ್ನ ಬಿಟ್ಟು ಹೋದಾಕಿ ಮ್ಯಾಲ ಒಂದ್ ಚೂರೂ ಸಿಟ್ಟಿಲ್ಲೇನು ನಿನಗ?"

ಮಾಳಮ್ಮ ನನ್ನ ಕಡೆ ನೋಡಿದಳು. ತನ್ನ ಆಯಿಗೆ ಅಳಲು ಒಂದು ಹುಡುಗಿ ಕಾಲೇಜಿನ ಮೇಡಂನ ಮುಖ ನೋಡಬೇಕಾಗಿ ಬಂದಿತ್ತು! ಆ ನೋಟ ಕಂಡು ನನಗಾದ ಸಂಕಟವನ್ನು ಇಲ್ಲಿ ಬರೆದು ತೋರಿಸಲಾರೆ. ಅವಳು ಮೊಬೈಲನ್ನು ಕಂಬಳಿಯ ಮೇಲೆ ಇಟ್ಟಳು, ಕೂತಳು, ಮಡಿಸಿದ ಸೀರೆಯ ಮೇಲೆ ಎರಡೂ ಕೈ ಊರಿದಳು. ಬರೆದ ಸಾಲುಗಳನ್ನೆಲ್ಲ ಮರೆತಳೇನೋ ಎಂದು ನಾನು ಹೆದರಿದೆ. ಮರೆತೇ ಬಿಟ್ಟಿದ್ದಳು, ಏಕೆಂದರೆ ಆಮೇಲೆ ಬಂದದ್ದನ್ನು ಅವಳು ಎಲ್ಲಿಯೂ ಬರೆದಿರಲಿಲ್ಲ.

"ಎವ್ವಾ ಆಯಿ, ನಿನಗ ಅಜ್ಜಿಯವರು ಅಂದ್ನಲ್ಲ ನಾ! ಮಂದಿ ಮುಂದ ನಿನಗ ಬ್ಯಾರೆಯಾಕಿ ಮಾಡಿದ್ನಲ್ಲ! ಅದನ್ನೂ ಕೇಳ್ಕೋತ ಸುಮ್ಮ ಮಲಗೀಯಲ್ಲ, ಎದ್ದು ಬಂದು ನನಗ ಒಂದ್ ಏಟರೆ ಹೊಡೀಬಾರ್ದೇನು!"

ಅಂಗಳದ ಹೆಂಗಸರೆಲ್ಲ ಒಮ್ಮೆಲೇ ದನಿ ಕೂಡಿಸಿದರು. ನಾನೂ ಅತ್ತೆ, ನನ್ನ ಅಳುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಿಟ್ಟೇ ಇತ್ತು.